ಬಾಗಿಲಿಗೆ ಬಂದ ಬುತ್ತಿ

ಹೊಲಕ್ಕೆ ಬುತ್ತಿ ಒಯ್ಯುವುದು ನಮಗೆ ಗೊತ್ತು. ಅಮೆರಿಕದ ನ್ಯೂ ಹ್ಯಾಂಪ್‌ಶೈರ್‌ನ ಪೀಟರ್‌ಬರೋದಲ್ಲೂ ಒಂದು ಹಳೆಯ ಹೊಲಕ್ಕೆ ದಿನಾ ಮಧ್ಯಾಹ್ನ ಬುತ್ತಿ ಹೋಗುತ್ತದೆ. ಉಣ್ಣುವವರು ಮಾತ್ರ ರೈತರಲ್ಲ. ಕಾದಂಬರಿಕಾರರು, ಚಿತ್ರಕಾರರು, ಸಂಗೀತ ಸಂಯೋಜಕರು. ಬುತ್ತಿ ತಂದವರು ಬಾಗಿಲು ತಟ್ಟುವಂತಿಲ್ಲ. ಬೆತ್ತದ ಬುಟ್ಟಿಯನ್ನು ಜಗಲಿಯ ಮೇಲಿಟ್ಟು ಸದ್ದಿಲ್ಲದೆ ಹಿಂದಿರುಗಬೇಕು.

ಈ ಪದ್ಧತಿಯ ಬೇರು ಒಂದು ಸಂಸಾರದಲ್ಲಿದೆ. ಸಂಯೋಜಕ ಎಡ್ವರ್ಡ್ ಮ್ಯಾಕ್‌ಡೊವೆಲ್ ಮತ್ತು ಅವರ ಹೆಂಡತಿ, ಪಿಯಾನೊ ವಾದಕಿ ಮರಿಯನ್, 1896ರಲ್ಲಿ ಹಿಲ್‌ಕ್ರೆಸ್ಟ್ ಎಂಬ ಈ ಜಮೀನು ಕೊಂಡರು. ಆ ಸೀಮೆಯ ಕಲ್ಲುನೆಲವನ್ನು ನಂಬಿ ಬದುಕಲಾಗದೆ ರೈತರು ಪಡುವಣದ ಬಯಲಿಗೋ ಗಿರಣಿಯ ಕೂಲಿಗೋ ಹೊರಟಿದ್ದ ಕಾಲ ಅದು. ಅವರು ಆರಿಸಿ ಕಟ್ಟಿದ ಕಲ್ಲುಬದುಗಳು ಇಂದಿಗೂ ಕಾಡಿನ ನಡುವೆ ಹಾದುಹೋಗುತ್ತವೆ. ಮರಿಯನ್ ಗಂಡನಿಗಾಗಿ ಮರಗಳ ಮಧ್ಯೆ ದಿಮ್ಮಿಗಳ ಒಂದು ಕೋಣೆ ಕಟ್ಟಿಸಿದರು. ರಾಗದ ಎಳೆ ಹರಿಯದಿರಲೆಂದು ಊಟವನ್ನು ಹೊಸ್ತಿಲಲ್ಲೇ ಇಟ್ಟು ಬರುತ್ತಿದ್ದರು.

ತನಗೆ ದಕ್ಕಿದ ಈ ಏಕಾಂತ ಬೇರೆಯವರಿಗೂ ಸಿಗಬೇಕೆಂಬುದು ಎಡ್ವರ್ಡ್ ಆಸೆ. 1907ರಲ್ಲಿ ಮ್ಯಾಕ್‌ಡೊವೆಲ್ ಹೆಸರಿನ ಕಲಾವಿದರ ನೆಲೆ ಶುರುವಾಯಿತು. 1908ರ ಜನವರಿಯಲ್ಲಿ ಅವರು ತೀರಿಕೊಂಡರು. ಹೆಸರು ಗಂಡನದು, ಹೊರೆ ಹೆಂಡತಿಯದು.

ಆಮೇಲಿನದು ಶುದ್ಧ ಮನೆವಾರ್ತೆ. ಸೌದೆ ಬೇಕು, ಚಾವಣಿ ಸೋರಬಾರದು, ಅಡುಗೆಯವರು ಬಿಟ್ಟುಹೋಗಬಾರದು. ದುಡ್ಡು? ಬೆನ್ನುನೋವಿನಿಂದ ಊರುಗೋಲು ಹಿಡಿದೇ ನಡೆಯಬೇಕಾದ ದಿನಗಳನ್ನು ಕಂಡಿದ್ದ ಮರಿಯನ್, ಊರೂರು ಅಲೆದು ಗಂಡನ ರಚನೆಗಳನ್ನು ನುಡಿಸಿ ಹಣ ಕೂಡಿಸಿದರು. 1938ರ ಸೆಪ್ಟೆಂಬರ್‌ನ ಚಂಡಮಾರುತ ಕಾಡಿನ ಮರಗಳನ್ನು ರಾಶಿರಾಶಿಯಾಗಿ ಉರುಳಿಸಿದಾಗ ಅವರಿಗೆ 80 ವರ್ಷ. ಆಗಲೂ ಮತ್ತೆ ಚಂದಾ ಎತ್ತಲು ಹೊರಟರು! ಅವರು ತೀರಿಕೊಂಡದ್ದು 1956ರಲ್ಲಿ, 98ನೆಯ ವಯಸ್ಸಿಗೆ.

ಫಸಲೇನು ಎಂದು ಕೇಳಬಹುದು. ಥಾರ್ನ್‌ಟನ್ ವೈಲ್ಡರ್ ‘ಅವರ್ ಟೌನ್’ ನಾಟಕದ ಭಾಗಗಳನ್ನು ಬರೆದದ್ದು ಇಲ್ಲಿ. ಸಂಯೋಜಕ ಏರನ್ ಕೋಪ್ಲಂಡ್, ಕಾದಂಬರಿಕಾರ ಜೇಮ್ಸ್ ಬಾಲ್ಡ್‌ವಿನ್ ಇಲ್ಲಿ ಕೂತು ಕೆಲಸ ಮಾಡಿದರು. 1922ರಲ್ಲಿ ಇಲ್ಲೇ ಭೇಟಿಯಾದ ಬರಹಗಾರರಾದ ಡೊರೊತಿ ಮತ್ತು ಡುಬೋಸ್ ಹೇವರ್ಡ್ ಮರುವರ್ಷ ಮದುವೆಯಾದರು. ಏಕಾಂತಕ್ಕೆಂದು ಬಂದವರು ಜೋಡಿಯಾಗಿ ಹೋದರೆ ವ್ಯವಸ್ಥಾಪಕರು ಏನು ತಾನೇ ಮಾಡಿಯಾರು?

ಇತ್ತ ನಮ್ಮ ಬೆಂಗಳೂರಿನ ಬಳಿಯ ಹೆಸರಘಟ್ಟದ ನೃತ್ಯಗ್ರಾಮದ ಕಥೆಯೂ ಹೀಗೆ ನೆಲದಿಂದಲೇ ಎದ್ದದ್ದು. 1990ರಲ್ಲಿ ಒಡಿಸ್ಸಿ ನೃತ್ಯಗಾತಿ ಪ್ರೋತಿಮಾ ಬೇಡಿ ಸರ್ಕಾರದಿಂದ ಗುತ್ತಿಗೆಗೆ ಪಡೆದ 10 ಎಕರೆಯಲ್ಲಿ ಗುರುಕುಲ ಕಟ್ಟಿದರು. ಕಲ್ಲುಮಣ್ಣಿನ ಕಟ್ಟಡಗಳು ವಾಸ್ತುಶಿಲ್ಪಿ ಜೆರಾರ್ಡ್ ಡ ಕುನ್ಹಾ ಅವರವು. ‘ಸಂಗಮ್ ಹೌಸ್’ ಎಂಬ ವಸತಿ ಕಾರ್ಯಕ್ರಮ ಲೇಖಕರನ್ನೂ ಅಲ್ಲಿಗೆ ಕರೆತಂದಿತು. ಒಂದೆಡೆ ಒಡಿಸ್ಸಿಯ ಹೆಜ್ಜೆ, ಇನ್ನೊಂದೆಡೆ ಒಂದು ವಾಕ್ಯಕ್ಕಾಗಿ ತಡಕಾಟ.

ಪೀಟರ್‌ಬರೋದ ಪ್ರತಿ ಕೋಣೆಯ ಗೋಡೆಯಲ್ಲೂ ಮರದ ಹಲಗೆಗಳು ನೇತಾಡುತ್ತವೆ. ಹೊರಡುವವರು ಅವುಗಳ ಮೇಲೆ ಹೆಸರು, ದಿನಾಂಕ ಬರೆದು ಹೋಗುತ್ತಾರೆ. ಹಲಗೆ ತುಂಬಿದರೆ ಪಕ್ಕದಲ್ಲಿ ಇನ್ನೊಂದು. ಅಲ್ಲಿನವರು ಇವಕ್ಕೆ ಇಟ್ಟ ಅಡ್ಡಹೆಸರು ‘ಗೋರಿಕಲ್ಲು’. ಹೊಸದಾಗಿ ಬಂದವರು ಮೊದಲ ದಿನ ಬರೆಯುವುದನ್ನು ಬಿಟ್ಟು ಇವನ್ನೇ ಓದುತ್ತ ಕೂರುವುದುಂಟು, ಜಗಲಿಯ ಮೇಲೆ ಬುಟ್ಟಿ ಬಂದು ಕೂತದ್ದೂ ತಿಳಿಯದ ಹಾಗೆ.