ಜಿಪ್‌ಲೈನ್ ಎಲ್ಲಿ ಹೋಯ್ತು?

ಈ ಸಲದ ಫೆಸ್ಟ್‌ನಲ್ಲಿ ಜಿಪ್‌ಲೈನ್ ಯಾಕೆ ಇರಲಿಲ್ಲ ಅಂತ ಕ್ಯಾಂಟೀನಲ್ಲಿ, ಬಸ್ಸಲ್ಲಿ, ಹಾಸ್ಟೆಲ್ ಮೆಟ್ಟಿಲ ಮೇಲೆ ನಮ್ಮನ್ನು ಹಿಡಿದು ಕೇಳಿದವರಿಗೆಲ್ಲ ಇದೇ ಉತ್ತರ. ಪೋಸ್ಟರ್ ಹಾಕಿ, ಇನ್ನೂರಕ್ಕೂ ಹೆಚ್ಚು ಜನರ ಹತ್ತಿರ ತಲಾ 100 ರೂಪಾಯಿ ತಗೊಂಡು, ಕೊನೆಗೆ ಕ್ಯಾನ್ಸಲ್ ಮಾಡಿದ ಆ ಮೂರು ಜನ ನಾವೇ. ಒಬ್ಬ ಸಿವಿಲ್, ಒಬ್ಬಳು ಮೆಕ್ಯಾನಿಕಲ್, ಒಬ್ಬ ಇಸಿ. ಮೂವರೂ ಇಂಗ್ಲಿಷ್ ಮೀಡಿಯಂ. ಕನ್ನಡದಲ್ಲಿ ಇಷ್ಟುದ್ದ ಬರೀತಿರೋದು ಇದೇ ಮೊದಲು, ಒತ್ತಕ್ಷರ ತಪ್ಪಿದ್ರೆ ಹೊಟ್ಟೆಗೆ ಹಾಕ್ಕೊಳ್ಳಿ.

ಹೋದ ವರ್ಷದ ಫೆಸ್ಟ್ ಸಪ್ಪೆ ಅಂತ ಎಲ್ಲರೂ ಬೈದಿದ್ರು. ಈ ಸಲ ಮೈದಾನದಲ್ಲಿ ಒಂದು ರೋಪ್ಸ್ ಕೋರ್ಸು, ಒಂದು ಜಿಪ್‌ಲೈನು ಇರಲಿ ಅಂತ ಕಮಿಟಿ ತೀರ್ಮಾನ ಮಾಡ್ತು. ರೋಪ್ಸ್ ಕೋರ್ಸ್ ಅಂದ್ರೆ ಕಂಬಗಳ ಮಧ್ಯೆ ಹಗ್ಗ, ಹಲಗೆ, ಕೇಬಲ್ ಕಟ್ಟಿ, ಮೈಗೆ ಹಾರ್ನೆಸ್ ಹಾಕ್ಕೊಂಡು ಒಂದೊಂದೇ ದಾಟೋದು. ಜಿಪ್‌ಲೈನ್ ಎಲ್ಲರಿಗೂ ಗೊತ್ತೇ ಇದೆ. ಓವರ್‌ಹೆಡ್ ಟ್ಯಾಂಕಿನ ಕಂಬದಿಂದ ಪೆವಿಲಿಯನ್ ಪಕ್ಕದ ಮಳೆಮರದವರೆಗೆ ಟೇಪ್ ಹಿಡಿದ್ರೆ 60 ಮೀಟರ್, 5 ಮೀಟರ್ ಇಳಿಜಾರು. ಕಾಂಟ್ರಾಕ್ಟರ್ ಹುಡುಕೋ ಕೆಲಸ ನಮಗೆ ಬಂತು. ಹೇಗೆ ಹುಡುಕಬೇಕು ಅಂತ ಯಾರೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ಟೀ ಶರ್ಟ್ ಪ್ರಿಂಟಿಂಗಿಗೆ ಮಾಡಿದ ಹಾಗೇ ಮಾಡಿದ್ವಿ. ಮೂರು ಕೊಟೇಶನ್, ಕಡಿಮೆಯವರಿಗೆ ಆರ್ಡರ್.

ಮೊದಲನೆಯವರು 65 ಸಾವಿರ ಅಂದರು. "ಹಿಂದಿನ ರಾತ್ರಿ ಬಂದು ಕಟ್ತೀವಿ, ಬೆಳಿಗ್ಗೆ ರೆಡಿ. ಕೇಬಲ್ ಎಷ್ಟು ಟೈಟಾಗಿ ಎಳೀತೀವಿ ಅಂದ್ರೆ, ಜನ ಕೂತರೂ ಎರಡಡಿ ಮೇಲೆ ಜಗ್ಗಲ್ಲ." ಕೇಳಿ ನಮಗೆ ಖುಷಿಯೋ ಖುಷಿ. ಬ್ರೇಕ್ ಹೇಗೆ ಅಂದ್ವಿ. ಮರಕ್ಕೆ ಎರಡು ಹಾಸಿಗೆ ಕಟ್ತಾರಂತೆ, ಇಬ್ಬರು ಹುಡುಗರು ಹಗ್ಗ ಹಿಡ್ಕೊಂಡಿರ್ತಾರಂತೆ. ಕಂಪನಿ ಐಎಸ್‌ಒ ಸರ್ಟಿಫೈಡ್ ಅಂತ ಬ್ರೋಷರ್ ಮೇಲೆ ದೊಡ್ಡದಾಗಿ ಇತ್ತು. ಅವರು ನಮ್ಮನ್ನು ಕೇಳಿದ ಪ್ರಶ್ನೆ ಒಂದೇ: ಅಡ್ವಾನ್ಸ್ ಯಾವಾಗ?

ಎರಡನೆಯವರು 90 ಸಾವಿರ. ಅವರು ಪರ್ವತಾರೋಹಣದ ಕೋರ್ಸ್ ಮಾಡಿದವರು, ಹಿಮಾಲಯದ ಫೋಟೋ ತೋರಿಸಿದರು. ನಾವು ಬಾಯಿ ಬಿಟ್ಟುಕೊಂಡು ನೋಡಿದ್ವಿ.

ಮೂರನೆಯವರು ಕೊಟೇಶನ್ನೇ ಕಳಿಸಲಿಲ್ಲ. "ಜಾಗ ನೋಡದೆ ರೇಟ್ ಹೇಳಲ್ಲ" ಅಂದರು. ಬಂದವರು ಎರಡು ಗಂಟೆ ಇದ್ದರು. ಟ್ಯಾಂಕಿನ ಸುತ್ತ ನಡೆದರು. ಮಳೆಮರದ ಬುಡವನ್ನು ಸುತ್ತಿಗೆ ಹಿಡಿಯಿಂದ ಅಲ್ಲಲ್ಲಿ ತಟ್ಟಿ ಕಿವಿಗೊಟ್ಟರು. ಆಮೇಲೆ ನಮ್ಮನ್ನು ವೈವಾಗೆ ನಿಲ್ಲಿಸಿದ ಹಾಗೆ ಶುರು ಮಾಡಿದರು. ಟ್ಯಾಂಕಿನ ಸ್ಟ್ರಕ್ಚರಲ್ ಡ್ರಾಯಿಂಗ್ ಇದೆಯಾ? ಕನಿಷ್ಠ ತೂಕ, ಗರಿಷ್ಠ ತೂಕ ಎಷ್ಟು? ಹಗುರ ಇರೋರು ಅರ್ಧದಲ್ಲೇ ನಿಂತುಬಿಟ್ರೆ ಯಾರು, ಹೇಗೆ, ಎಷ್ಟು ನಿಮಿಷದಲ್ಲಿ ಇಳಿಸ್ತೀರಿ? ನಾನು ಕಟ್ಟಿದ್ದನ್ನು ಬೇರೆ ಯಾರು ಚೆಕ್ ಮಾಡ್ತಾರೆ? ದಿನವಿಡೀ ಕ್ಲಿಪ್ ಹಾಕೋರು ಯಾರು, ವಾಲಂಟಿಯರ್ಸಾ? ಅವರಿಗೆ ಟ್ರೈನಿಂಗ್ ಯಾವಾಗ?

ನಮ್ಮ ಹತ್ತಿರ ಒಂದಕ್ಕೂ ಉತ್ತರ ಇರಲಿಲ್ಲ. "ಹತ್ತು ದಿನದಲ್ಲಿ ಇದು ಆಗಲ್ಲಪ್ಪ" ಅಂತ ಹೇಳಿ, ಟೀ ಕುಡಿದು, ಹೊರಟೇ ಹೋದರು. ಗೇಟು ದಾಟೋದನ್ನೇ ಕಾಯ್ತಿದ್ದ ನಾವು ಚೆನ್ನಾಗಿ ಬೈದ್ವಿ. ತುಂಬಾ ಸ್ಕೋಪ್ ತಗೋತಾರೆ, ಬಿಸಿನೆಸ್ ಬೇಡವಾ ಇವರಿಗೆ, ಹೀಗೆ. ಅವತ್ತೇ ಸಂಜೆ 65 ಸಾವಿರದವರಿಗೆ ಓಕೆ ಅಂತ ಮೆಸೇಜ್ ಟೈಪ್ ಮಾಡಿದ್ವಿ. ಕಳಿಸೋದು ಬೆಳಿಗ್ಗೆ ಅಂತಿತ್ತು.

ಆ ರಾತ್ರಿ ಮೆಸ್‌ನಲ್ಲಿ ಸಿವಿಲ್‌ನವನು ಬಿಲ್ಲಿನ ಹಿಂದೆ ಗೆರೆ ಎಳೀತಾ ಕೂತ. ಫಸ್ಟ್ ಇಯರ್ ಮೆಕ್ಯಾನಿಕ್ಸ್ ಲೆಕ್ಕ, ನಾವೆಲ್ಲ ಪಾಸಾಗಿರೋದೇ. 60 ಮೀಟರ್ ಕೇಬಲ್, ನಡುವೆ 80 ಕೆಜಿ ಮನುಷ್ಯ, ಅಂದ್ರೆ ಸುಮಾರು 800 ನ್ಯೂಟನ್. ಅವನು ಕೂತಾಗ ಕೇಬಲ್ 3 ಮೀಟರ್ ಜಗ್ಗಿದರೆ ಎಳೆತ 4 ಕಿಲೋನ್ಯೂಟನ್. ಎರಡಡಿ, ಅಂದರೆ 60 ಸೆಂಟಿಮೀಟರ್ ಮಾತ್ರ ಜಗ್ಗಬೇಕು ಅಂದರೆ? 20 ಕಿಲೋನ್ಯೂಟನ್. ಅದೇ ಮನುಷ್ಯ, ಅದೇ ದೂರ, ಐದು ಪಟ್ಟು ಎಳೆತ. ಹತ್ತಿರ ಹತ್ತಿರ ಎರಡು ಟನ್ ಟ್ಯಾಂಕಿನ ಕಂಬವನ್ನು ಅಡ್ಡಕ್ಕೆ ಎಳೆಯುತ್ತೆ. ನಮ್ಮನ್ನು ಮೆಚ್ಚಿಸಿದ ಆ "ಟೈಟು" ಇದೆಯಲ್ಲ, ಅದೇ ಅಪಾಯ ಅಂತ ನಮಗೆ ಹೊಳೆದಿರಲೇ ಇಲ್ಲ. ಪರೀಕ್ಷೇಲಿ ಬಂದಿದ್ರೆ ಹತ್ತಕ್ಕೆ ಹತ್ತು ತಗೋತಿದ್ವಿ.

ಒಳ್ಳೆಯ 12 ಮಿಲಿಮೀಟರ್ ಉಕ್ಕಿನ ಕೇಬಲ್ 80 ಕಿಲೋನ್ಯೂಟನ್‌ಗೂ ಹೆಚ್ಚು ತಡೆಯುತ್ತೆ, ಹಾಗಾದ್ರೆ ಏನಾಯ್ತು ಅಂತ ಇಸಿಯವನು ವಾದ ಮಾಡಿದ. ಆಗ ಮೆಕ್ಯಾನಿಕಲ್‌ನವಳು ಮೊದಲನೆಯವರು ಕಳಿಸಿದ್ದ ಫೋಟೋಗಳನ್ನು ಜೂಮ್ ಮಾಡಿದಳು. ಕೇಬಲ್ ತುದಿಯನ್ನು ಮಡಚಿ ಯು-ಬೋಲ್ಟ್ ಕ್ಲಿಪ್ ಹಾಕ್ತಾರೆ. ಸರಿಯಾಗಿ ಹಾಕಿದ್ರೂ ಆ ಜಾಗದಲ್ಲಿ ಕೇಬಲ್ಲಿನ ಶಕ್ತಿ ಸುಮಾರು 80 ಪರ್ಸೆಂಟಿಗೆ ಇಳಿಯುತ್ತೆ. ಕ್ಲಿಪ್ಪಿನ ಚಪ್ಪಟೆ ಭಾಗ, ಅಂದರೆ ಜೀನು, ಭಾರ ಹೊರೋ ಎಳೆಯ ಮೇಲೆ ಕೂರಬೇಕು. ಯು ಭಾಗ ಸುಮ್ಮನೆ ಮಡಚಿದ ತುದಿಯ ಮೇಲೆ ಇರಬೇಕು. ಸತ್ತ ಕುದುರೆಗೆ ಜೀನು ಹಾಕಬೇಡ ಅಂತ ಇಂಗ್ಲಿಷಿನಲ್ಲಿ ಇದಕ್ಕೊಂದು ಮಾತೇ ಇದೆ, ವರ್ಕ್‌ಶಾಪ್‌ನಲ್ಲಿ ಹೇಳಿಕೊಟ್ಟಿದ್ರು. ಫೋಟೋದಲ್ಲಿ ಜೀನು ಸತ್ತ ಕುದುರೆ ಮೇಲೇ ಇತ್ತು. ಹಾಗೆ ಹಾಕಿದ್ರೆ ಭಾರ ಹೊರೋ ಎಳೆಯನ್ನೇ ಯು-ಬೋಲ್ಟ್ ಜಜ್ಜುತ್ತೆ. ಒಂದು ಕ್ಲಿಪ್ ಅಲ್ಲ, ಮೂರೂ ಉಲ್ಟಾ.

ಆಮೇಲೆ ಬ್ರೇಕು. 5 ಮೀಟರ್ ಇಳಿಜಾರು, ಘರ್ಷಣೆ ಬಿಟ್ಟು ಲೆಕ್ಕ ಹಾಕಿದ್ರೆ ಕೊನೆಯಲ್ಲಿ ವೇಗ ಸೆಕೆಂಡಿಗೆ 10 ಮೀಟರ್. ಗಂಟೆಗೆ 36 ಕಿಲೋಮೀಟರ್ ಸ್ಪೀಡಲ್ಲಿ ಬರೋ ಮನುಷ್ಯನಿಗೂ ಮರಕ್ಕೂ ಮಧ್ಯೆ ಎರಡು ಹಾಸಿಗೆ. ಘರ್ಷಣೆ ಸ್ವಲ್ಪ ಕಮ್ಮಿ ಮಾಡಬಹುದು, ಮರವನ್ನು ಮೆತ್ತಗೆ ಮಾಡಲ್ಲ.

ಇಲ್ಲಿ ಒಂದು ವಿಷಯ ಒಪ್ಪಿಕೊಳ್ಳಬೇಕು. ಫಸ್ಟ್ ಇಯರ್‌ನಲ್ಲಿ ನಾವು ಮೂವರೂ ಒಂದು ರೆಸಾರ್ಟಿಗೆ ಹೋಗಿದ್ವಿ. ಅಲ್ಲಿನ ಜಿಪ್‌ಲೈನಿನಲ್ಲಿ ಬ್ರೇಕ್ ಹಗ್ಗ ಹಿಡಿಯಬೇಕಾದ ಹುಡುಗ ಮೊಬೈಲ್ ನೋಡ್ತಿದ್ದ. ನಮ್ಮ ಇಸಿಯವನು ಕೈ ಮುಂದೆ ಚಾಚಿ ನೇರ ಹೋಗಿ ಕಂಬಕ್ಕೆ ಗುದ್ದಿದ. ಬಲಗೈ ಮಣಿಕಟ್ಟು ಮುರೀತು. ಒಂದು ಇಂಟರ್ನಲ್ಸ್ ಹೋಯ್ತು, ಇನ್ನೊಂದನ್ನು ಎಡಗೈಯಲ್ಲಿ ಬರೆದ. ಮನೇಲಿ ಕ್ರಿಕೆಟ್ ಆಡ್ತಾ ಬಿದ್ದೆ ಅಂತ ಹೇಳಿದ್ವಿ, ನಾವಿಬ್ಬರೂ ಸಾಕ್ಷಿ. ಅಮ್ಮಾ, ಇದನ್ನ ಓದ್ತಿದ್ರೆ ಸಾರಿ.

ಅಷ್ಟೆಲ್ಲ ಆದ ಮೇಲೂ, "ಇಬ್ಬರು ಹುಡುಗರು ಹಗ್ಗ ಹಿಡ್ಕೊಂಡಿರ್ತಾರೆ" ಅಂತ ಮೊದಲನೆಯವರು ಹೇಳಿದಾಗ ನಾವು ತಲೆ ಆಡಿಸಿದ್ವಿ. ಯಾಕೆ ಸುಮ್ಮನಿದ್ದೆ ಅಂತ ಅವತ್ತು ರಾತ್ರಿ ಅವನನ್ನು ಕೇಳಿದ್ವಿ. "ಹೆದರಿದ್ದೀನಿ ಅಂತ ನೀವು ಅಂದ್ಕೋತೀರ ಅಂತ" ಅಂದ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. 2024ರ ಮೇ ತಿಂಗಳಲ್ಲಿ ರಾಮನಗರ ಜಿಲ್ಲೆಯ ಒಂದು ರೆಸಾರ್ಟಿನಲ್ಲಿ ಜಿಪ್‌ಲೈನ್ ತುಂಡಾಗಿ ಮಹಿಳೆಯೊಬ್ಬರು ತೀರಿಕೊಂಡ ಸುದ್ದಿ ನಾವೆಲ್ಲ ಓದಿದ್ವಿ. ನಮಗೆ ಮುರಿದಿದ್ದು ಮಣಿಕಟ್ಟು ಮಾತ್ರ. ಟೈಪ್ ಮಾಡಿಟ್ಟಿದ್ದ ಮೆಸೇಜ್ ಡಿಲೀಟ್ ಮಾಡಿದ್ವಿ.

ಮರುದಿನ ಮೂರನೆಯವರಿಗೆ ಫೋನ್ ಮಾಡಿ ಕ್ಷಮೆ ಕೇಳಿದ್ವಿ. ನಾವು ಬೈದಿದ್ದು ಅವರಿಗೆ ಗೊತ್ತಿರಲಿಲ್ಲ, ಆದ್ರೂ. ಹಾಗಾದ್ರೆ ಒಳ್ಳೆಯ ಕಾಂಟ್ರಾಕ್ಟರನ್ನು ಗುರುತಿಸೋದು ಹೇಗೆ ಅಂತ ಅವರನ್ನೇ ಕೇಳಿದ್ವಿ. ಅವರು ಹೇಳಿದ್ದು, ನಾವು ಆಮೇಲೆ ಓದಿ ನೋಡಿದ್ದು ಎರಡೂ ಸೇರಿಸಿ ಇಲ್ಲಿ ಬರೀತಿದ್ದೀವಿ.

ಕಟ್ಟೋದು ಬೇರೆ, ಪರೀಕ್ಷಿಸೋದು ಬೇರೆ, ನಡೆಸೋದು ಬೇರೆ. ಮೂರಕ್ಕೂ ಬೇರೆ ಬೇರೆ ಅರ್ಹತೆ ಬೇಕು. ಬೆಟ್ಟ ಹತ್ತೋಕೆ ಬರುತ್ತೆ ಅಂದ್ರೆ ಕೇಬಲ್ ಡಿಸೈನ್ ಮಾಡೋಕೆ ಬರುತ್ತೆ ಅಂತಲ್ಲ. ಐಎಸ್‌ಒ 9001 ಅನ್ನೋದು ಕಂಪನಿಯ ಕೆಲಸದ ಕ್ರಮಕ್ಕೆ ಕೊಡೋ ಸರ್ಟಿಫಿಕೇಟು, ನಮ್ಮ ಮೈದಾನದ ಕೇಬಲ್ಲಿಗಲ್ಲ. ಕೇಳಬೇಕಾದ್ದು ಯಾವ ಸ್ಟ್ಯಾಂಡರ್ಡ್ ಪ್ರಕಾರ ಕಟ್ತೀರಿ ಅಂತ. ಯುರೋಪಿನಲ್ಲಿ ರೋಪ್ಸ್ ಕೋರ್ಸಿಗೇ ಇಎನ್ 15567 ಇದೆ, ಒಂದು ಭಾಗ ಕಟ್ಟೋದಕ್ಕೆ, ಇನ್ನೊಂದು ನಡೆಸೋದಕ್ಕೆ. ಅಮೆರಿಕದಲ್ಲಿ ಎಸಿಸಿಟಿ ಅನ್ನೋ ಸಂಘದ ಸ್ಟ್ಯಾಂಡರ್ಡ್ ಇದೆ. ನಮ್ಮ ದೇಶದಲ್ಲಿ ಪ್ರವಾಸೋದ್ಯಮ ಸಚಿವಾಲಯ 2018ರಲ್ಲಿ ಸಾಹಸ ಪ್ರವಾಸದ ಮಾರ್ಗಸೂಚಿ ತಂದಿದೆ, ಅದರಲ್ಲಿ ಜಿಪ್ ವೈರ್ ಮತ್ತು ಹೈ ರೋಪ್ಸ್‌ಗೂ ಜಾಗ ಇದೆ. ಇವುಗಳ ಹೆಸರೇ ಕೇಳಿರದವರ ಜೊತೆ ರೇಟ್ ಮಾತಾಡೋದು ಬೇಡ.

ಲೆಕ್ಕದ ಹಾಳೆ ಕೇಳಿ, ಅದರಲ್ಲಿ ಎಂಜಿನಿಯರ್ ಸಹಿ ಇದೆಯಾ ನೋಡಿ. ಹಾರ್ನೆಸ್ಸಿನ ಒಳಗಿನ ಲೇಬಲ್ ಓದಿ, ತಯಾರಾದ ತಾರೀಕು ಅಳಿಸಿ ಹೋಗಿದ್ರೆ ವಾಪಸ್ ಕೊಡಿ. ಮೊದಲ ಬ್ರೇಕ್ ಕೈಕೊಟ್ರೆ ಎರಡನೇದು ಏನು ಅಂತ ಕೇಳಿ. ಆ ಎರಡನೇದು ಕೂತವನು ಏನೂ ಮಾಡದೇ ಕೆಲಸ ಮಾಡಬೇಕು. ಮರಕ್ಕೆ ಕೇಬಲ್ ನೇರ ಸುತ್ತುತ್ತೀವಿ ಅಂದ್ರೆ ಬೇಡ ಅನ್ನಿ, ತೊಗಟೆ ಕೊಯ್ದು ಕ್ರಮೇಣ ಮರವೇ ಸಾಯುತ್ತೆ. ಹಿಂದೆ ಕೆಲಸ ಮಾಡಿಸಿದವರ ನಂಬರ್ ತಗೊಂಡು ನೀವೇ ಫೋನ್ ಮಾಡಿ. ಇನ್ಶೂರೆನ್ಸ್ ಕಾಗದದಲ್ಲಿ ಜಿಪ್‌ಲೈನ್ ಅನ್ನೋ ಪದ ಇದೆಯಾ ಹುಡುಕಿ. ಇದೆಲ್ಲಕ್ಕಿಂತ ಮೊದಲು, ಅವರು ನಿಮ್ಮನ್ನು ಎಷ್ಟು ಪ್ರಶ್ನೆ ಕೇಳಿದ್ರು ಅಂತ ಎಣಿಸಿ. ಆಗಲ್ಲ ಅನ್ನೋಕೆ ಬರೋರಿಗೆ ಮಾತ್ರ ಕೆಲಸ ಕೊಡಬೇಕು ಅಂತ ನಮಗೆ ಈಗ ಅನ್ನಿಸುತ್ತೆ.

ಕ್ಯಾನ್ಸಲ್ ಮಾಡಿದ ಮೇಲೆ ಏನಾಯ್ತು ಅಂತ ನಿಮಗೆಲ್ಲ ಗೊತ್ತು. ಮೀಮ್ಸ್ ಬಂದ್ವು, ಕೆಲವು ಚೆನ್ನಾಗೂ ಇದ್ವು. ರಿಫಂಡ್ ಹಾಕೋಕೆ ಎರಡು ದಿನ ಹಿಡೀತು. ಮೂರನೆಯವರೇ ಕೊನೆಗೆ ಮೊಣಕಾಲೆತ್ತರದ ಒಂದು ಚಿಕ್ಕ ರೋಪ್ಸ್ ಕೋರ್ಸ್ ತಂದು ಹಾಕಿದರು, ಪಕ್ಕದಲ್ಲಿ ಹಿಡಿಯೋಕೆ ನಿಲ್ಲೋರಿಗೆ ಹಿಂದಿನ ದಿನ ಮೂರು ಗಂಟೆ ಟ್ರೈನಿಂಗ್ ಕೊಟ್ಟರು. ಎಲ್‌ಕೆಜಿ ಪಾರ್ಕು ಅಂತ ಕೆಲವರು ನಕ್ಕರು. ನಕ್ಕವರಲ್ಲಿ ಇಬ್ಬರು ಎರಡನೇ ಹಲಗೆಯಲ್ಲೇ ಬಿದ್ದರು, ಹುಲ್ಲಿನ ಮೇಲೆ.

ಮುಂದಿನ ಕಮಿಟಿಯವರಿಗೆ ಒಂದು ಮಾತು. ಪ್ರಶ್ನೆಗಳ ಪಟ್ಟಿ, ಲೆಕ್ಕ ಹಾಕಿದ ಮೆಸ್ ಬಿಲ್ಲು, ಮೂರನೆಯವರ ನಂಬರ್ ಎಲ್ಲ ಸಂಘದ ಬೀರುವಿನಲ್ಲಿ ಹಸಿರು ಫೈಲಿನಲ್ಲಿದೆ. ಫೆಸ್ಟಿಗೆ ಹತ್ತು ದಿನ ಇದ್ದಾಗಲ್ಲ, ಆರು ತಿಂಗಳು ಇದ್ದಾಗ ತೆಗೀರಿ. ಟ್ಯಾಂಕಿನ ಡ್ರಾಯಿಂಗ್ ಬೇಕು ಅಂತ ಕಾಲೇಜು ಆಫೀಸಿಗೆ ಅರ್ಜಿ ಕೊಟ್ಟಿದ್ದೀವಿ. ಇನ್ನೂ ಬಂದಿಲ್ಲ, ಹೋದಾಗಲೆಲ್ಲ ಒಂದ್ಸಲ ಕೇಳ್ತಿರಿ.