ಪಲೆಸ್ತ್ರಾ ಇತಾಲಿಯಾ ಮತ್ತು ನಮ್ಮ ಹನ್ನೊಂದು ಜನ

ಫುಟ್‌ಬಾಲಿನ ಬಗ್ಗೆ ಕನ್ನಡ ಸಂಘದ ಪತ್ರಿಕೆಯಲ್ಲಿ ಬರೆಯುವುದೇ ಎಂದು ಯಾರೂ ಹುಬ್ಬೇರಿಸಬೇಡಿ. ಕತೆ, ಕವನ ನನ್ನ ಕೈಗೆ ಹತ್ತುವುದಿಲ್ಲ. ಹತ್ತನೆಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಈಗ ಡೆಬಿಟ್ಟು ಕ್ರೆಡಿಟ್ಟುಗಳ ನಡುವೆ ಸಿಕ್ಕಿಕೊಂಡಿರುವ ಕಾಮರ್ಸ್ ವಿದ್ಯಾರ್ಥಿ ನಾನು. ನನಗೆ ಸ್ವಲ್ಪ ಗೊತ್ತಿರುವುದು ಎರಡೇ – ಲೆಕ್ಕ ಮತ್ತು ಚೆಂಡು. ಆದರೆ ಈ ಚೆಂಡಿನ ಕತೆ ಉರುಳುತ್ತಾ ಉರುಳುತ್ತಾ ನಮ್ಮ ಸಂಘದ ಬಾಗಿಲಿಗೇ ಬಂದು ನಿಲ್ಲುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

2025ರ ಜುಲೈಯಲ್ಲಿ ಅಮೆರಿಕದಲ್ಲಿ ಕ್ಲಬ್‌ಗಳ ವಿಶ್ವಕಪ್ ನಡೆಯಿತಲ್ಲ, ಅದರ ಕ್ವಾರ್ಟರ್ ಫೈನಲಿನಲ್ಲಿ ಇಂಗ್ಲೆಂಡಿನ ಚೆಲ್ಸಿಗೂ ಬ್ರೆಜಿಲಿನ ಪಾಲ್ಮೇರಾಸ್‌ಗೂ ಪಂದ್ಯವಿತ್ತು. ಚೆಲ್ಸಿ 2-1ರಿಂದ ಗೆದ್ದಿತು. ಪಾಲ್ಮೇರಾಸ್‌ನ ಒಂದೇ ಗೋಲು ಹೊಡೆದವನು ಎಸ್ತೆವಾವ್ ಎಂಬ ಹದಿನೆಂಟರ ಹುಡುಗ. ತಮಾಷೆಯೆಂದರೆ, ಆ ಹುಡುಗ ಅಷ್ಟರಲ್ಲಾಗಲೇ ಚೆಲ್ಸಿಗೆ ಸೇರುವುದೆಂದು ಒಪ್ಪಂದವಾಗಿತ್ತು. ನಾಳೆ ಕೆಲಸಕ್ಕೆ ಸೇರುವ ಮನೆಗೇ ಇವತ್ತು ಗೋಲು! ಆ ಹಸಿರು ಅಂಗಿಯವರು ಯಾರು ಎಂದು ಹುಡುಕಲು ಹೊರಟೆ. ಆಗ ತಿಳಿಯಿತು, ಪಾಲ್ಮೇರಾಸ್ ಎಂಬುದು ಆ ಕ್ಲಬ್ಬಿಗೆ ಹುಟ್ಟಿದಾಗ ಇಟ್ಟ ಹೆಸರಲ್ಲ. 1914ರ ಆಗಸ್ಟ್ 26ರಂದು ಸಾವ್ ಪಾವ್ಲೋ ನಗರದಲ್ಲಿ ಅದು ಹುಟ್ಟಿದಾಗ ಅದರ ಹೆಸರು ಪಲೆಸ್ತ್ರಾ ಇತಾಲಿಯಾ. ಕಟ್ಟಿದವರು ಇಟಲಿಯಿಂದ ಹೊಟ್ಟೆಪಾಡಿಗೆ ಬಂದವರು ಮತ್ತು ಅವರ ಮಕ್ಕಳು.

ಇಟಲಿಯವರು ಬ್ರೆಜಿಲಿಗೆ ಯಾಕೆ ಹೋದರು? 1888ರಲ್ಲಿ ಬ್ರೆಜಿಲಿನಲ್ಲಿ ಗುಲಾಮಗಿರಿ ರದ್ದಾಯಿತು. ಕಾಫಿ ತೋಟದ ಧಣಿಗಳಿಗೆ ಆಳು ಬೇಕು. ಇಟಲಿಯ ಹಳ್ಳಿಗಳಲ್ಲಿ ಬಡತನ. ಹಡಗಿನ ಖರ್ಚು ಸರಕಾರವೇ ಕೊಡುತ್ತದೆ ಎಂದಾಗ ಸಂಸಾರ ಸಂಸಾರವೇ ಹತ್ತಿತು. ತೋಟಗಳಲ್ಲಿ ಅವರನ್ನು ನಡೆಸಿಕೊಂಡ ರೀತಿ ಎಷ್ಟು ಕೆಟ್ಟದಾಗಿತ್ತೆಂದರೆ, ಹೀಗೆ ಪುಕ್ಕಟೆ ಟಿಕೇಟಿನ ಮೇಲೆ ಜನರನ್ನು ಕರೆದೊಯ್ಯುವುದನ್ನು ಇಟಲಿಯ ಸರಕಾರವೇ 1902ರಲ್ಲಿ ನಿಲ್ಲಿಸಿತು. ತೋಟ ಬಿಟ್ಟವರು ಪಟ್ಟಣಕ್ಕೆ ಬಂದರು. ಗಿರಣಿ, ಕಾರ್ಖಾನೆ, ಅಂಗಡಿ ಸೇರಿದರು. 1881ರಲ್ಲಿ ಬಂದಿಳಿದ ಫ್ರಾಂಚೆಸ್ಕೋ ಮತರಾತ್ಸೋ ಎಂಬವನು ಹಂದಿಕೊಬ್ಬಿನ ವ್ಯಾಪಾರದಿಂದ ಶುರುಮಾಡಿ ದೊಡ್ಡ ಕಾರ್ಖಾನೆಗಳ ಒಡೆಯನಾದ. ಅವನ ಕಂಪನಿಯಲ್ಲಿ ನೌಕರಿ ಮಾಡುತ್ತಿದ್ದ ಲುಯಿಜಿ ಚೆರ್ವೋ ಮುಂತಾದ ಹುಡುಗರೇ ಈ ಕ್ಲಬ್ಬಿನ ಮೊದಲ ಕನಸುಗಾರರು. 1914ರಲ್ಲಿ ಇಟಲಿಯ ಟೊರಿನೋ ಮತ್ತು ಪ್ರೊ ವೆರ್ಚೆಲ್ಲಿ ತಂಡಗಳು ಬ್ರೆಜಿಲಿಗೆ ಆಡಲು ಬಂದಿದ್ದವು. ಅವರ ಆಟ ನೋಡಿ ಇವರಿಗೆ ಅನ್ನಿಸಿತು, ನಮ್ಮದೂ ಒಂದು ತಂಡ ಯಾಕಿರಬಾರದು? ವಿಂಚೆನ್ಸೋ ರಾಗೊನ್ಯೆತ್ತಿ ಎಂಬಾತ ‘ಫಾನ್‌ಫುಲ್ಲಾ’ ಎಂಬ ಇಟಾಲಿಯನ್ ಪತ್ರಿಕೆಯಲ್ಲಿ ಪತ್ರ ಬರೆದು ಜನರನ್ನು ಕರೆದ. ಜನ ಸೇರಿದರು. 1915ರ ಜನವರಿ 24ರಂದು ಮೊದಲ ಪಂದ್ಯ ಆಡಿ 2-0ರಿಂದ ಗೆದ್ದರು. 1920ರಲ್ಲಿ ಸಾವ್ ಪಾವ್ಲೋ ರಾಜ್ಯದ ಚಾಂಪಿಯನ್ನರಾದರು.

ಇಲ್ಲಿ ಒಂದು ಮಾತು ಗಮನಿಸಿ. ಹಡಗು ಹತ್ತುವಾಗ ಅವರಲ್ಲಿ ಬಹಳ ಜನ ‘ಇಟಾಲಿಯನ್ನರು’ ಆಗಿರಲೇ ಇಲ್ಲ. ಒಬ್ಬ ವೆನಿಸ್ ಕಡೆಯವನು, ಒಬ್ಬ ಕಲಾಬ್ರಿಯಾದವನು, ಒಬ್ಬ ನೇಪಲ್ಸಿನವನು. ಒಬ್ಬನ ಮಾತು ಇನ್ನೊಬ್ಬನಿಗೆ ಅರೆಬರೆ. ಪರದೇಶಕ್ಕೆ ಬಂದಮೇಲೆ ಎಲ್ಲರೂ ಇಟಾಲಿಯನ್ನರಾದರು. ನಮ್ಮ ಡೊಂಬಿವಲಿಯ ಹಾಗೇ ಅಲ್ವಾ? ಊರಿನಲ್ಲಿದ್ದಿದ್ದರೆ ನಮ್ಮ ಕುಂದಾಪುರದವರು ಕಲಬುರ್ಗಿಯವರನ್ನು ಎಲ್ಲಿ ನೋಡುತ್ತಿದ್ದರು? ಇಲ್ಲಿ ಒಂದೇ ಬಿಲ್ಡಿಂಗಿನಲ್ಲಿ ಮೇಲೆ ತುಳುವಿನವರು, ಕೆಳಗೆ ಧಾರವಾಡದವರು, ಪಕ್ಕದಲ್ಲಿ ನಾವು. ಮರಾಠಿಯವರ ಕಣ್ಣಿಗೆ ನಾವೆಲ್ಲ ಒಟ್ಟಿಗೆ ‘ಕಾನಡಿ’. ಬಸವಣ್ಣನ ಕಲ್ಯಾಣ ಎಲ್ಲಿ, ನಮ್ಮ ಕಲ್ಯಾಣ ಜಂಕ್ಷನ್ ಎಲ್ಲಿ! ಆದರೂ ಎಲ್ಲ ಕಡೆಯ ಕನ್ನಡವನ್ನು ಒಂದೇ ಡಬ್ಬಿಯಲ್ಲಿ ಒತ್ತಿ ತುಂಬಿದ್ದು ಈ ಸೆಂಟ್ರಲ್ ರೈಲ್ವೆಯ ಲೋಕಲ್ಲೇ.

ಪರಸ್ಥಳಕ್ಕೆ ಹೋದ ಜನ ಮೊದಲು ಊಟಕ್ಕೊಂದು ದಾರಿ ಮಾಡಿಕೊಳ್ಳುತ್ತಾರೆ, ಆಮೇಲೆ ದೇವರಿಗೊಂದು ಜಾಗ, ಆಮೇಲೆ ಸಂಘ, ಶಾಲೆ, ಕೊನೆಗೆ ಆಟ. ಮುಂಬಯಿಯಲ್ಲಿ ನಮ್ಮವರು ಮೊದಲ ನಾಲ್ಕನ್ನೂ ಚೆನ್ನಾಗಿಯೇ ಮಾಡಿದ್ದಾರೆ. ಮೊಗವೀರ ವ್ಯವಸ್ಥಾಪಕ ಮಂಡಳಿ 1902ರದು, ಮಾಟುಂಗಾದ ಮೈಸೂರು ಅಸೋಸಿಯೇಶನ್ 1926ರದು. ಹಗಲು ಹೋಟೆಲಿನಲ್ಲಿ ಲೋಟ ತೊಳೆದ ಹುಡುಗರು ರಾತ್ರಿ ಶಾಲೆಯಲ್ಲಿ ಕನ್ನಡ ಓದಿ ಮೇಲೆ ಬಂದ ಕತೆ ನಮ್ಮಲ್ಲಿ ಮನೆಮನೆಗೂ ಇದೆ. ನಮ್ಮ ಡೊಂಬಿವಲಿಯಲ್ಲೇ ಕರ್ನಾಟಕ ಸಂಘ ಮಂಜುನಾಥ ವಿದ್ಯಾಲಯ ಕಟ್ಟಿತು. ಆಟವೂ ಇಲ್ಲದಿಲ್ಲ. ಮುಂಬಯಿಯ ಕ್ರಾಸ್ ಮೈದಾನದಲ್ಲಿ ‘ಕರ್ನಾಟಕ ಸ್ಪೋರ್ಟಿಂಗ್ ಅಸೋಸಿಯೇಶನ್’ ಎಂಬ ಬೋರ್ಡು ಕಂಡಾಗ, ಚರ್ಚ್‌ಗೇಟಿನ ಆ ಗದ್ದಲದಲ್ಲೂ ಕಾಲು ಒಂದು ಗಳಿಗೆ ನಿಲ್ಲುತ್ತದೆ. ಮುಂಬಯಿಯ ಫುಟ್‌ಬಾಲ್ ಲೀಗಿನಲ್ಲಿ ಆಡುವ ತಂಡ ಅದು.

ಈಗ 1942ಕ್ಕೆ ಬನ್ನಿ. ಎರಡನೆಯ ಮಹಾಯುದ್ಧ. ಇಟಲಿ ಹಿಟ್ಲರನ ಪಕ್ಷ, ಬ್ರೆಜಿಲ್ ಎದುರು ಪಕ್ಷ. ಶತ್ರುದೇಶದ ಹೆಸರು ಇಟ್ಟುಕೊಂಡ ಸಂಸ್ಥೆಗಳೆಲ್ಲ ಹೆಸರು ಬದಲಿಸಬೇಕಾಯಿತು. ಇಟಾಲಿಯನ್, ಜರ್ಮನ್, ಜಪಾನಿ ಭಾಷೆಗಳನ್ನು ಬೀದಿಯಲ್ಲಿ ಆಡುವುದೇ ಅಪರಾಧವಾಯಿತು. ಮಾರ್ಚಿನಲ್ಲಿ ಕ್ಲಬ್ಬು ‘ಇತಾಲಿಯಾ’ ಕಿತ್ತು ‘ಪಲೆಸ್ತ್ರಾ ದೆ ಸಾವ್ ಪಾವ್ಲೋ’ ಆಯಿತು. ಪಲೆಸ್ತ್ರಾ ಎನ್ನುವುದು ಮೂಲದಲ್ಲಿ ಗ್ರೀಕ್ ಶಬ್ದ, ಗರಡಿಮನೆ ಎಂದರ್ಥ. ಅದೂ ಸಾಲಲಿಲ್ಲ. ಆಗಸ್ಟಿನಲ್ಲಿ ಬ್ರೆಜಿಲ್ ಯುದ್ಧ ಸಾರಿತು. ಸೆಪ್ಟೆಂಬರಿನಲ್ಲಿ ಚಾಂಪಿಯನ್‌ಶಿಪ್ ನಿರ್ಧರಿಸುವ ಪಂದ್ಯಕ್ಕೆ ಕೆಲವೇ ದಿನ ಇರುವಾಗ ಆ ಹೆಸರೂ ಹೋಗಿ ‘ಪಾಲ್ಮೇರಾಸ್’ ಬಂತು. ಇಟಲಿಯ ಧ್ವಜದ ಮೂರು ಬಣ್ಣದಲ್ಲಿ ಕೆಂಪು ಹೋಯಿತು, ಹಸಿರು ಬಿಳಿ ಉಳಿಯಿತು. ಹೆಸರಿನ ಮೊದಲಕ್ಷರ ‘ಪಿ’ ಮಾತ್ರ ಇದ್ದ ಹಾಗೇ ಇತ್ತು. ಸೆಪ್ಟೆಂಬರ್ 20ರಂದು ಪಕಾಯೆಂಬು ಮೈದಾನಕ್ಕೆ ಈ ಹುಡುಗರು ಬ್ರೆಜಿಲಿನ ಧ್ವಜ ಹಿಡಿದುಕೊಂಡು ಇಳಿದರು. ಜೊತೆಗೊಬ್ಬ ಸೇನೆಯ ಕ್ಯಾಪ್ಟನ್. ನಾವು ಶತ್ರುಗಳಲ್ಲ ಎಂದು ಆಟಕ್ಕೆ ಮುಂಚೆ ರುಜುವಾತು ಮಾಡಬೇಕಾದ ತಂಡ ಅದು! ಎದುರಾಳಿ ಸಾವ್ ಪಾವ್ಲೋ ಕ್ಲಬ್ಬು. ಪಾಲ್ಮೇರಾಸ್ 3-1ರಿಂದ ಮುಂದಿದ್ದಾಗ ಒಂದು ಪೆನಾಲ್ಟಿಯ ಜಗಳದಲ್ಲಿ ಎದುರಾಳಿಗಳು ಆಟ ಮುಂದುವರಿಸಲು ಒಪ್ಪಲಿಲ್ಲ. ಹೊಸ ಹೆಸರಿನ ಮೊದಲ ಪಂದ್ಯದಲ್ಲೇ ಚಾಂಪಿಯನ್ ಪಟ್ಟ.

ಇದಕ್ಕಿಂತ ನನಗೆ ಹೆಚ್ಚು ಹಿಡಿಸಿದ್ದು ಮುಂದಿನ ಕತೆ. 1965ರ ಸೆಪ್ಟೆಂಬರ್ 7, ಬ್ರೆಜಿಲಿನ ಸ್ವಾತಂತ್ರ್ಯ ದಿನ. ಬೆಲೊ ಒರಿಜೊಂಚಿ ನಗರದ ಹೊಸ ಮಿನೆಯ್ರಾವ್ ಸ್ಟೇಡಿಯಮ್ಮಿನ ಉದ್ಘಾಟನೆಯ ಸಂದರ್ಭದಲ್ಲಿ ಬ್ರೆಜಿಲ್ ಉರುಗ್ವೆಯೊಡನೆ ಆಡಿತು. ಅಂದು ಬ್ರೆಜಿಲಿನ ಹಳದಿ ಅಂಗಿ ತೊಟ್ಟಿದ್ದವರೆಲ್ಲ ಪಾಲ್ಮೇರಾಸ್‌ನ ಆಟಗಾರರೇ. ತರಬೇತುದಾರನೂ ಅವರವನೇ, ಅದೂ ಅರ್ಜೆಂಟೀನಾದವನು. 3-0ರಿಂದ ಗೆದ್ದರು. ಇಪ್ಪತ್ಮೂರು ವರ್ಷದ ಹಿಂದೆ ಯಾರ ದೇಶಭಕ್ತಿಯನ್ನು ಸಂಶಯಿಸಿದ್ದರೋ ಅದೇ ಕ್ಲಬ್ಬು ಇಡೀ ದೇಶವಾಗಿ ನಿಂತಿತು. ಎದುರು ತಂಡದವರು ಇವರನ್ನು ಬಹಳ ಕಾಲ ‘ಹಂದಿ’ ಎಂದು ಹೀಯಾಳಿಸುತ್ತಿದ್ದರಂತೆ. 1986ರಲ್ಲಿ ಇವರ ಅಭಿಮಾನಿಗಳೇ ಆ ಬೈಗುಳವನ್ನು ಎತ್ತಿಕೊಂಡು ತಮ್ಮ ಜಯಕಾರ ಮಾಡಿಕೊಂಡರು. ಬೈಗುಳಕ್ಕೆ ಇದಕ್ಕಿಂತ ಒಳ್ಳೆಯ ಉತ್ತರ ನನಗೆ ಗೊತ್ತಿಲ್ಲ.

ಇದು ಒಂದೇ ಕ್ಲಬ್ಬಿನ ಹಾಡಲ್ಲ. ಬೆಲೊ ಒರಿಜೊಂಚಿಯ ಇಟಾಲಿಯನ್ನರು 1921ರಲ್ಲಿ ಅದೇ ಹೆಸರಿನ ಇನ್ನೊಂದು ಕ್ಲಬ್ ಕಟ್ಟಿದ್ದರು. ಅದೂ 1942ರಲ್ಲಿ ಹೆಸರು ಕಳೆದುಕೊಂಡು, ದಕ್ಷಿಣದ ಆಕಾಶದ ಶಿಲುಬೆ ನಕ್ಷತ್ರಗಳ ಹೆಸರಿನಿಂದ ಕ್ರುಝೇರೋ ಆಯಿತು. ಅರ್ಜೆಂಟೀನಾದ ಬೊಕಾ ಜೂನಿಯರ್ಸ್ 1905ರಲ್ಲಿ ಜಿನೋವಾದಿಂದ ಬಂದವರ ಮಕ್ಕಳು ಕಟ್ಟಿದ್ದು. ಇವತ್ತಿಗೂ ಅವರ ಅಡ್ಡಹೆಸರು ‘ಜಿನೋವಾದವರು’ ಎಂದೇ. ಆಸ್ಟ್ರೇಲಿಯಾದಲ್ಲಂತೂ ಯುದ್ಧವೂ ಇಲ್ಲ, ಏನೂ ಇಲ್ಲ, ಆದರೂ ಹೊಸ ಕ್ಲಬ್ಬುಗಳ ಹೆಸರಿನಲ್ಲಿ ಮೂಲದೇಶ ಕಾಣಬಾರದೆಂದು 2014ರಲ್ಲಿ ಫುಟ್‌ಬಾಲ್ ಮಂಡಳಿ ನಿಯಮ ಮಾಡಿತು. 2019ರಲ್ಲಿ ಅದನ್ನು ಕೈಬಿಟ್ಟಿತು.

ಹೆಸರಿನ ಕಷ್ಟ ನಮ್ಮ ಅಜ್ಜನಿಗೂ ಗೊತ್ತಿತ್ತು. ಹನ್ನೆರಡನೆಯ ವಯಸ್ಸಿಗೆ ಕುಂದಾಪುರದ ಕಡೆಯಿಂದ ಬಂದು ದಾದರಿನ ಹೋಟೆಲೊಂದರಲ್ಲಿ ಟೇಬಲ್ ಒರೆಸಿದವರು. 1960ರ ದಶಕದ ಕೊನೆಯಲ್ಲಿ ಮುಂಬಯಿಯಲ್ಲಿ ದಕ್ಷಿಣದವರ ವಿರುದ್ಧ ಚಳವಳಿ ಎದ್ದಾಗ ಲುಂಗಿ ಉಟ್ಟು ಹೊರಗೆ ಹೋಗಲು ಹೆದರಿಕೆ. ಅವರ ಧಣಿ ಒಂದು ರಾತ್ರಿ ಬೋರ್ಡಿನ ಕನ್ನಡ ಅಕ್ಷರಕ್ಕೆ ಬಣ್ಣ ಬಳಿಸಿ ಬೇರೆ ಹೆಸರು ಬರೆಸಿದರಂತೆ. ಅಜ್ಜ ಇದನ್ನು ಹೇಳುವಾಗ ಸಿಟ್ಟು ಇರುತ್ತಿರಲಿಲ್ಲ. “ಬೋರ್ಡ್ ಬದ್ಲಾಯ್ತ್, ಸಾಂಬಾರ್ ಬದ್ಲಾಯ್ಲಿಲ್ಲ” ಎಂದು ನಗುತ್ತಿದ್ದರು. ಕಾಮರ್ಸಿನಲ್ಲಿ ಇದಕ್ಕೆ ಗುಡ್‌ವಿಲ್ ಅನ್ನುತ್ತಾರೆ. ಕಣ್ಣಿಗೆ ಕಾಣದ ಆಸ್ತಿ. ಹೆಸರು ಬದಲಾದರೂ ಗಿರಾಕಿ ತಪ್ಪದೆ ಬಂದರೆ ಅದು ಇದೆ ಎಂದು ಅರ್ಥ.

ಇಷ್ಟೆಲ್ಲ ಪುರಾಣ ಯಾಕೆಂದರೆ, ನಮಗೂ ಒಂದು ತಂಡ ಇದೆ. ಎಂಐಡಿಸಿ ಕಡೆಯ ಒಂದು ಮೈದಾನದಲ್ಲಿ, ಕ್ರಿಕೆಟಿನವರು ಮಳೆಗೆ ಹೆದರಿ ಜಾಗ ಬಿಟ್ಟಾಗ, ಕೆಸರಿನಲ್ಲಿ ಆಡುವ ಹನ್ನೊಂದು ಜನ. ಶುರುವಾಗುವಾಗ ಎಲ್ಲರೂ ನಮ್ಮ ಶಾಲೆಯವರೇ. ಈಗ ಲೆಕ್ಕ ಹಾಕಿದರೆ ಕನ್ನಡದವರು ಆರು. ಗೋಲಿನಲ್ಲಿ ನಿಲ್ಲುವವನು ಉತ್ತರಪ್ರದೇಶದ ಭಾಜಿ ವ್ಯಾಪಾರಿಯ ಮಗ. ಒಬ್ಬ ಮಲಯಾಳಿ, ಒಬ್ಬ ತಮಿಳ, ಒಬ್ಬ ಗುಜರಾತಿ. ಹಿಂದೆ ಬ್ಯಾಕ್ ಆಡುವವನು ಆಗ್ರಿ ಹುಡುಗ. ನಿಜ ಹೇಳಬೇಕೆಂದರೆ ಈ ಊರಿನ ಮಣ್ಣಿನವನು ಅವನೊಬ್ಬನೇ, ಉಳಿದ ನಾವೆಲ್ಲ ಬಂದವರು. ಮುಂದಿನ ತಿಂಗಳು ಒಂದು ಟೂರ್ನಮೆಂಟಿಗೆ ಹೆಸರು ಕೊಡಬೇಕು. ನಮ್ಮವರೇ ಒಬ್ಬ ಹಿರಿಯರು ಎಲ್ಲರಿಗೂ ಅಂಗಿ, ಬೂಟು ಕೊಡಿಸಲು ಮುಂದೆ ಬಂದಿದ್ದಾರೆ. ಎರಡೇ ಷರತ್ತು. ಹೆಸರಿನಲ್ಲಿ ಕರ್ನಾಟಕ ಇರಬೇಕು. ಹನ್ನೊಂದರಲ್ಲಿ ಎಂಟು ಜನವಾದರೂ ನಮ್ಮವರಿರಬೇಕು. “ಇಲ್ಲದಿದ್ರೆ ನಾಳೆ ಅದು ನಮ್ದು ಅನ್ಲಿಕ್ಕೆ ಏನುಂಟು ಮಾರಾಯಾ?” ಎಂದು ಅವರು ಕೇಳಿದರು.

ಅವರ ಪ್ರಶ್ನೆ ತಳ್ಳಿಹಾಕುವಂಥದ್ದಲ್ಲ. ಪಾಲ್ಮೇರಾಸ್‌ನ ಲೆಡ್ಜರನ್ನು ಎರಡೂ ಕಡೆ ಬರೆದು ನೋಡೋಣ. ಜಮೆಯ ಕಡೆ ಏನೂ ಕಡಿಮೆ ಇಲ್ಲ. ಲಕ್ಷಾಂತರ ಅಭಿಮಾನಿಗಳು, ಮೂರು ಬಾರಿ ದಕ್ಷಿಣ ಅಮೆರಿಕದ ಲಿಬೆರ್ತದೋರೆಸ್ ಕಪ್ಪು. ಖರ್ಚಿನ ಕಡೆ? ಕ್ಲಬ್ಬು ಕಟ್ಟಿದಾಗ ಕರೆ ಹೋದದ್ದು ಇಟಾಲಿಯನ್ ಪತ್ರಿಕೆಯಲ್ಲಿ. ಇವತ್ತು ಅಲ್ಲಿ ಕೂಗುವುದು, ಅಳುವುದು, ಬೈಯುವುದು ಎಲ್ಲ ಪೋರ್ಚುಗೀಸಿನಲ್ಲಿ. ಕ್ಲಬ್ಬು ಉಳಿಯಿತು, ಮಾತು ಉಳಿಯಲಿಲ್ಲ. ಕಂಪನಿ ಕಾನೂನಿನಲ್ಲಿ ಹೇಳುತ್ತಾರೆ, ಸದಸ್ಯರು ಬರುತ್ತಾರೆ, ಹೋಗುತ್ತಾರೆ, ಕಂಪನಿ ಮಾತ್ರ ಚಿರಂಜೀವಿ. ಆದರೆ ಭಾಷೆ ಕಂಪನಿ ಅಲ್ಲ. ಆಡುವ ಸದಸ್ಯರು ಹೋದರೆ ಅದೂ ಹೋಗುತ್ತದೆ. ನಮ್ಮ ಶಾಲೆಯಲ್ಲಿ ನನ್ನ ಹಿಂದಿನ ಬೆಂಚುಗಳು ವರ್ಷ ವರ್ಷ ಖಾಲಿಯಾಗುತ್ತಾ ಬಂದದ್ದನ್ನು ನೋಡಿದ ನನಗೆ ಈ ಭಯ ಪುಸ್ತಕದ್ದಲ್ಲ.

ಆದರೂ ಆ ಹಿರಿಯರ ಎಂಟರ ಲೆಕ್ಕ ನನಗೆ ಒಪ್ಪಿಗೆಯಿಲ್ಲ. ಕಲ್ಕತ್ತೆಯ ಈಸ್ಟ್ ಬೆಂಗಾಲ್ ಕ್ಲಬ್ 1920ರಲ್ಲಿ ಪೂರ್ವ ಬಂಗಾಳದವರ ಹೆಸರಿನಲ್ಲಿ ಹುಟ್ಟಿದ್ದು. ಅವರೂ ಎಂಟರ ಲೆಕ್ಕ ಹಿಡಿದು ಕೂತಿದ್ದರೆ ಬೆಂಗಳೂರಿನ ಅಹ್ಮದ್ ಖಾನ್ ಅಲ್ಲಿ ಹತ್ತು ವರ್ಷ ಆಡುತ್ತಿದ್ದರೇ? 1948 ಮತ್ತು 1952ರ ಒಲಿಂಪಿಕ್ಸ್ ಆಡಿದ ಆ ಆಟಗಾರ ಅಲ್ಲಿನ ಪಂಚಪಾಂಡವರಲ್ಲಿ ಒಬ್ಬರೆಂದು ಹೆಸರಾದರು. ಪೂರ್ವ ಬಂಗಾಳದವರು ನಮ್ಮ ನೆಲದವನನ್ನು ಹೆಗಲ ಮೇಲೆ ಹೊತ್ತರು. ಅದರಿಂದ ಅವರ ಹೆಸರು ಸವೆಯಲಿಲ್ಲ.

ನನ್ನ ಲೆಕ್ಕ ಇಷ್ಟೇ. ಚೆಂಡಿಗೆ ಭಾಷೆ ಬೇಡ, ಕಾಲು ಸಾಕು. ಗೋಲಿನ ಹುಡುಗನನ್ನೂ ಇನ್ನೊಬ್ಬನನ್ನೂ ಕಳಿಸಿ ಎಂಟು ಮಾಡಿಕೊಂಡರೆ ನಮಗೆ ಅಂಗಿ ಸಿಗುತ್ತದೆ, ತಂಡ ಇರುವುದಿಲ್ಲ. ಹೆಸರಿನ ವಿಷಯ ಮಾತಾಡೋಣ, ತಲೆ ಎಣಿಸುವುದು ಬೇಡ ಎಂದು ಹಿರಿಯರಿಗೆ ಹೇಳಿದ್ದೇನೆ. ಅವರು ಒಪ್ಪದಿದ್ದರೆ ತಲಾ ನಾನೂರು ರೂಪಾಯಿ ಹಾಕಿ ಅಂಗಿ ಹೊಲಿಸುವುದು. ಎದೆಯ ಮೇಲೆ ಒಂದೇ ಒಂದು ಕನ್ನಡ ‘ಕ’. ಕಲ್ಯಾಣ ತಾಲೂಕಿನ ‘ಕ’ ಎಂದು ಆಗ್ರಿ ಹುಡುಗ ಓದಲಿ, ಕನ್ನಡದ ‘ಕ’ ಎಂದು ನಾವು ಓದುತ್ತೇವೆ. ಅದನ್ನು ಬರೆಯುವುದು ಹೇಗೆಂದು ಅವನು ಆಗಲೇ ಕಲಿತಾಗಿದೆ.

ಭಾಷೆಗೆ ಮಾತ್ರ ಬೇರೆ ಮೈದಾನ ಬೇಕು, ಓದುಗ ಮಿತ್ರರೇ, ಮತ್ತು ಅದು ಈ ಪತ್ರಿಕೆಯ ಪುಟ. ಇಲ್ಲಿ ಬದಲಿ ಆಟಗಾರರು ಸಿಗುವುದಿಲ್ಲ. ಉತ್ತರಪ್ರದೇಶದವನು ನಮ್ಮ ಗೋಲು ಕಾಯಬಲ್ಲ, ನಮ್ಮ ಪರವಾಗಿ ಕನ್ನಡ ಬರೆಯಲಾರ. ಮುಂದಿನ ಸಂಚಿಕೆಗೆ ಹದಿನಾರು ಪುಟ ತುಂಬಬೇಕಂತೆ, ಇದುವರೆಗೆ ಬಂದಿರುವುದು ಆರು. ಪೆನ್ನು ಇರುವವರೆಲ್ಲ ಮೈದಾನಕ್ಕೆ ಇಳಿಯಿರಿ.