ಸೊನ್ನೆ ತಗೊಂಡವನು

ಸ್ಟೆಫಾನ್ ಫೆಕ್ ಅಂದ್ರೆ ನಿಮಗೆ ಗೊತ್ತಾಗದೇ ಇರಬಹುದು. "ಒಲಿಂಪಿಕ್ಸ್‌ನಲ್ಲಿ ಬೆನ್ನಡಿಯಾಗಿ ನೀರಿಗೆ ಬಿದ್ದನಲ್ಲ, ಆ ಜರ್ಮನ್ ಡೈವರ್" ಅಂದ್ರೆ, "ಓ, ಆ ವಿಡಿಯೋನಾ!" ಅಂತೀರಿ.

2012ರ ಲಂಡನ್ ಒಲಿಂಪಿಕ್ಸ್, ಪುರುಷರ 3 ಮೀಟರ್ ಸ್ಪ್ರಿಂಗ್‌ಬೋರ್ಡ್, ಮೊದಲ ಸುತ್ತು. ಲೈಪ್‌ಜಿಗ್‌ನ ಈ ಹುಡುಗ ಹಲಗೆಯಿಂದ ಚಿಮ್ಮಿ ಲಾಗ ಹಾಕುವಾಗ ಕಾಲು ಹಿಡಿದಿದ್ದ ಕೈ ಜಾರಿತು. ಗಾಳಿಯಲ್ಲೇ ಮೈ ಬಿಚ್ಚಿಕೊಂಡು, ಬೆನ್ನು ನೀರಿಗೆ ಅಪ್ಪಳಿಸಿತು. ಅಂಕ ಸೊನ್ನೆ. ಆಮೇಲೆ ಸ್ಪರ್ಧೆಯಿಂದ ಹಿಂದೆ ಸರಿದ. ಅವತ್ತೇ ವಿಡಿಯೋ ಊರೆಲ್ಲಾ ಸುತ್ತಿತು.

ನನ್ನ ಹಾಗೆ ಹಳ್ಳಿ ಬಾವಿಯಲ್ಲಿ ಈಜು ಕಲಿತವರಿಗೆ ಆ ಸದ್ದು ಚೆನ್ನಾಗಿ ಗೊತ್ತು. ನೀರು ಮೆತ್ತಗಿರತ್ತೆ ಅನ್ನೋದು ದಡದಲ್ಲಿ ಕೂತವರ ಮಾತು. ಹೊಟ್ಟೆ ಅಡಿಯಾಗಿ ಬಿದ್ದವನನ್ನ ಕೇಳಿ, ಸಂಜೆವರೆಗೂ ಉರೀತಿರತ್ತೆ.

ಡೈವಿಂಗ್‌ನಲ್ಲಿ ಅಂಕ ಕೊಡುವ ರೀತಿ ನನಗೆ ಬಹಳ ಇಷ್ಟ. ಏಳು ಜನ ತೀರ್ಪುಗಾರರು. ಎಲ್ಲರಿಗಿಂತ ಹೆಚ್ಚಿನ ಎರಡು ಅಂಕ, ಎಲ್ಲರಿಗಿಂತ ಕಡಿಮೆಯ ಎರಡು ಅಂಕ ತೆಗೆದುಹಾಕ್ತಾರೆ. ಉಳಿದ ಮೂರನ್ನ ಕೂಡಿ, ಆ ಜಿಗಿತ ಎಷ್ಟು ಕಷ್ಟದ್ದು ಅನ್ನೋ ಸಂಖ್ಯೆಯಿಂದ ಗುಣಿಸ್ತಾರೆ. ಅಂದ್ರೆ ಯಾರೋ ಒಬ್ಬರ ಅತಿ ಪ್ರೀತಿ, ಅತಿ ಸಿಟ್ಟು ಎರಡಕ್ಕೂ ಬೆಲೆ ಇಲ್ಲ, ಕಷ್ಟದ್ದನ್ನು ಆರಿಸಿಕೊಂಡವನಿಗೆ ಬೆಲೆ ಇದೆ. ಇಂಟರ್‌ನೆಟ್ಟಿನ ಲೆಕ್ಕ ತಿರುಗಾಮುರುಗಾ. ಅದು ನಡುವಿನದ್ದೆಲ್ಲ ಬಿಸಾಕಿ, ತುದಿಯ ಒಂದನ್ನೇ ಇಟ್ಟುಕೊಳ್ಳತ್ತೆ.

ಆಫೀಸೂ ಹಾಗೇ. ಹಿಂದೆ ನಾನಿದ್ದ ಒಂದು ಕಂಪನಿಯಲ್ಲಿ, ಒಬ್ಬ ಹುಡುಗ ರಾತ್ರಿ ರಿಲೀಸ್ ಮಾಡುವಾಗ ಪ್ರೊಡಕ್ಷನ್ ಡೇಟಾಬೇಸಿನ ಒಂದು ಟೇಬಲ್ ಅಳಿಸಿಬಿಟ್ಟ. ಬೆಳಗಾಗೋದರೊಳಗೆ ಬ್ಯಾಕಪ್‌ನಿಂದ ವಾಪಸ್ ತಂದವನೂ ಅವನೇ. ಆದ್ರೂ ಅವನ ಹೆಸರು ಕ್ರಿಯಾಪದ ಆಗೋಯ್ತು. ಹೊಸದಾಗಿ ಸೇರಿದವರೂ ಅವನ ಮುಖ ನೋಡೋ ಮೊದಲೇ ಆ ಜೋಕ್ ಕಲೀತಿದ್ರು. ಎರಡು ವರ್ಷ ನಗ್ತಾನೇ ಇದ್ದ, ಆಮೇಲೆ ಸದ್ದಿಲ್ಲದೆ ಕೆಲಸ ಬಿಟ್ಟ. ಅವನು ಬರೆದ ಬಿಲ್ಲಿಂಗ್ ಕೋಡ್ ನಾನು ಬಿಡೋವರೆಗೂ ಓಡ್ತಾ ಇತ್ತು. ಅದರ ಬಗ್ಗೆ ಯಾರೂ ಜೋಕ್ ಮಾಡಲಿಲ್ಲ.

ಫೆಕ್ ಬಿಟ್ಟು ಹೋಗಲಿಲ್ಲ. ನಾಲ್ಕು ವರ್ಷ ಆದ್ಮೇಲೆ, 2016ರಲ್ಲಿ, ರಿಯೋಗೆ ಬಂದ. ಪ್ಯಾಟ್ರಿಕ್ ಹೌಸ್ಡಿಂಗ್ ಜೊತೆ 3 ಮೀಟರ್ ಜೋಡಿ ಡೈವಿಂಗ್. ಯಾರೋ ಕೊಳಕ್ಕೆ ಹೈಡ್ರೋಜನ್ ಪೆರಾಕ್ಸೈಡ್ ಸುರಿದು, ಕ್ಲೋರಿನ್ ಕೆಲಸ ಮಾಡದೆ ನೀರು ಕೆರೆಯ ಹಾಗೆ ಹಸಿರಾಗಿತ್ತಲ್ಲ, ಅದೇ ಕೊಳ. ಜೋಡಿ ಡೈವಿಂಗ್ ಅಂದ್ರೆ ಒಬ್ಬ ಜಾರಿದರೆ ಇಬ್ಬರೂ ಮುಳುಗಿದ ಹಾಗೆ. ಮೊದಲೇ 2008ರಲ್ಲಿ ಬೆಳ್ಳಿ ಗೆದ್ದಿದ್ದ ಹೌಸ್ಡಿಂಗ್ ಪಕ್ಕದ ಹಲಗೆ ಮೇಲೆ ನಿಂತಿದ್ದು ಆ ಸೊನ್ನೆಯ ಹುಡುಗನ ಜೊತೆಗೆ. ಇಬ್ಬರೂ ನಾಲ್ಕನೇ ಸ್ಥಾನಕ್ಕೆ ಬಂದರು. ಪದಕಕ್ಕೆ ಒಂದೇ ಮೆಟ್ಟಿಲು ಕಡಿಮೆ.

ಆ ನಾಲ್ಕನೇ ಸ್ಥಾನದ ವಿಡಿಯೋವನ್ನ ನನಗೆ ಇವತ್ತಿನವರೆಗೂ ಯಾರೂ ಫಾರ್ವರ್ಡ್ ಮಾಡಿಲ್ಲ.

ಇದೆಲ್ಲ ಯಾಕೆ ಹೇಳ್ತಿದೀನಿ ಅಂದ್ರೆ, ಈಗ ನಾನೇ ಆರು ಜನರ ಅಪ್ರೈಸಲ್ ಬರೀಬೇಕು. ಅದರಲ್ಲಿ ಒಬ್ಬಳ ಹೆಸರು ಹೇಳಿದ ತಕ್ಷಣ ಮೀಟಿಂಗಿನಲ್ಲಿ ಎಲ್ಲರಿಗೂ ಜ್ಞಾಪಕ ಬರೋದು ಮಾರ್ಚಿನ ಒಂದು ರಾತ್ರಿ. ರೇಟಿಂಗ್ ಕಾಲಮ್ ಇನ್ನೂ ಖಾಲಿ ಬಿಟ್ಟಿದೀನಿ. ಸದ್ಯಕ್ಕೆ ಅವಳ ಉಳಿದ ಹನ್ನೊಂದು ತಿಂಗಳ ಕೆಲಸ ಒಂದೊಂದಾಗಿ ತೆಗೆದು ಓದ್ತಾ ಇದೀನಿ.